ಏನೂ ತಿನ್ನದವಳ ಉಸಿರಿನಲ್ಲಿ ಹಣ್ಣಿನ ವಾಸನೆ

ಇನ್ಸುಲಿನ್ ಚುಚ್ಚಿಕೊಂಡು ಊಟ ಮಾಡದೆ ಕೂತರೆ ಸಕ್ಕರೆ ಕಾಯಿಲೆಯವರು ಬಿದ್ದುಹೋಗುತ್ತಾರೆ ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೋ ಹೇಳಿ ತಿಳಿದದ್ದಲ್ಲ, ಕಣ್ಣಾರೆ ಕಂಡದ್ದು. ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಸೂಜಿ ಚುಚ್ಚಿಕೊಂಡು ಇನ್ನೇನು ಊಟಕ್ಕೆ ಕೂರಬೇಕು, ಅಷ್ಟರಲ್ಲಿ ನಮ್ಮ ಹೋಟೆಲಿಗೆ ದೊಡ್ಡದೊಂದು ಗುಂಪು ನುಗ್ಗಿತು. ಚಟ್ನಿ ಸಾಲುವುದಿಲ್ಲ ಎಂದು ಇವಳು ಕಾಯಿ ತುರಿಯಲು ಎದ್ದಳು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಗ್ರೈಂಡರಿನ ಪಕ್ಕದ ಗೋಡೆಗೆ ಒರಗಿದ್ದಾಳೆ, ಮೈಯೆಲ್ಲ ಬೆವರು, ಗುರುತಿಲ್ಲದ ಗಿರಾಕಿಯನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಾಳೆ. ಬಾಯಿಗೆ ಸಕ್ಕರೆ ಹಾಕಿದೆವು. ನಿಧಾನಕ್ಕೆ ಎದ್ದು ಕೂತಳು. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಬಂತು. ಎಲೆ ಹಾಕಿದ ಮೇಲೆ ಸೂಜಿ. ಎಲೆ ಇಲ್ಲದಿದ್ದರೆ ಸೂಜಿಯೂ ಇಲ್ಲ.

ಅವಳ ಜೀವ ಕಾಯಲೆಂದು ಮಾಡಿಕೊಂಡ ಆ ನಿಯಮವೇ ಅವಳ ಜೀವಕ್ಕೆ ಕುತ್ತು ತಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದವನಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಗುಜರಾತಿನ ರೈಲು ಹತ್ತಿದವನು. ಅಹಮದಾಬಾದಿನಲ್ಲಿ ಪಾತ್ರೆ ತೊಳೆದೆ, ಸೂರತ್ತಿನಲ್ಲಿ ಹಿಟ್ಟು ರುಬ್ಬಿದೆ, ವಡೋದರಾದಲ್ಲಿ ವರ್ಷಗಟ್ಟಲೆ ದೋಸೆ ಕಾವಲಿಯ ಮುಂದೆ ನಿಂತೆ. ಈಗ ಅದೇ ಊರಿನ ಅಲ್ಕಾಪುರಿಯಲ್ಲಿ, ಸ್ಟೇಷನ್ನಿಗೆ ಹತ್ತಿರ, ನನ್ನದೇ ಹೋಟೆಲ್ ಇದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರ ಹಂಗಿನಲ್ಲೂ ಬೆಳೆದವನಲ್ಲ. ದುಡಿಯುವವನ ಹತ್ತಿರ ಕಾಯಿಲೆ ಸುಳಿಯುವುದಿಲ್ಲ, ಸಕ್ಕರೆ ಎನ್ನುವುದು ಕೂತು ತಿನ್ನುವವರ ಕಾಯಿಲೆ ಎಂದು ನಂಬಿಕೊಂಡೇ ಇದ್ದೆ. ಆಮೇಲೆ ಅದು ಬಂದದ್ದು ನನ್ನ ಹೆಂಡತಿಗೆ. ನುಗ್ಗೆಕಾಯಿಯಷ್ಟು ಸಪೂರ ಹೆಂಗಸು. ಬೆಳಗಿನಿಂದ ಕತ್ತಲಾಗುವವರೆಗೆ ನಿಂತೇ ಇರುವವಳು. ಮೊದಲು ಮಾತ್ರೆ ಕೊಟ್ಟರು, ನಾಟಲಿಲ್ಲ. ಆಮೇಲೆ ಡಾಕ್ಟರು ಹೇಳಿದರು, "ಇವರದ್ದು ಮಾತ್ರೆಗೆ ಬಗ್ಗುವ ಜಾತಿಯದ್ದಲ್ಲ. ಇವರ ಶರೀರ ಇನ್ಸುಲಿನ್ ತಯಾರಿಸುವುದನ್ನೇ ಬಿಡುತ್ತಾ ಬಂದಿದೆ. ಹೊರಗಿನಿಂದಲೇ ಕೊಡಬೇಕು, ದಿನಾ ಕೊಡಬೇಕು."

ಪೆನ್ನಿನ ಹಾಗಿರುವ ಎರಡು ಸೂಜಿಗಳು ಬಂದವು. ಒಂದನ್ನು ಊಟಕ್ಕೆ ಮೊದಲು ಚುಚ್ಚಿಕೊಳ್ಳಬೇಕು, ಇನ್ನೊಂದನ್ನು ಮಲಗುವಾಗ. ನಾವು ಅವನ್ನು ಕರೆಯುತ್ತಿದ್ದದ್ದೂ ಹಾಗೆಯೇ, ಊಟದ್ದು, ಮಲಗುವಾಗಿನದ್ದು. ಎರಡಕ್ಕೂ ಕೆಲಸ ಬೇರೆ ಬೇರೆ ಎಂದು ಡಾಕ್ಟರು ಹೇಳಿದ್ದರು. ನಮ್ಮ ತಲೆಯಲ್ಲಿ ಮಾತ್ರ ಎರಡೂ ಒಂದೇ ಲೆಕ್ಕಕ್ಕೆ ಸೇರಿಹೋದವು. ತಿಂದದ್ದನ್ನು ಅರಗಿಸುವ ಸೂಜಿಗಳು, ಅಷ್ಟೇ.

ತಿಂಗಳ ಏಕಾದಶಿಗಳನ್ನು ಅವಳು ಬಿಟ್ಟವಳಲ್ಲ. ಆದರೆ ಕಾಯಿಲೆ ಬಂದ ಮೇಲೆ ಹಣ್ಣು, ಹಾಲು, ಸಾಬುದಾನೆ ತೆಗೆದುಕೊಂಡು, ಸೂಜಿಯನ್ನೂ ಹಾಕಿಕೊಂಡು ಮಾಡುತ್ತಿದ್ದಳು. ತೊಂದರೆ ಬಂದಿರಲಿಲ್ಲ. ಈ ವರ್ಷ ಆಷಾಢದ ಮೊದಲ ಏಕಾದಶಿಗೆ ನಮ್ಮ ಕಡೆಯ ಸ್ವಾಮಿಗಳೊಬ್ಬರು ಸೂರತ್ತಿಗೆ ಬರುತ್ತಾರೆಂದು ಸುದ್ದಿಯಾಯಿತು. ಆ ದಿನ ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರದ ಮುದ್ರೆಗಳನ್ನು ಸ್ವಾಮಿಗಳು ಭಕ್ತರ ತೋಳಿಗೆ ಒತ್ತುತ್ತಾರೆ. ಊರಿನಲ್ಲಾದರೆ ಮಠಕ್ಕೆ ಹೋದರಾಯಿತು. ಇಲ್ಲಿ ಹೋಟೆಲ್ ಬಿಟ್ಟು ಊರಿಗೆ ಹೋಗುವುದು ಎಲ್ಲಿ ಸಾಧ್ಯ? ಎಷ್ಟೋ ವರ್ಷಗಳಿಂದ ಅವಳಿಗೆ ಮುದ್ರೆ ಸಿಕ್ಕಿರಲಿಲ್ಲ. ಸೂರತ್ತಿನಲ್ಲೇ ಅವಳ ಅಕ್ಕನ ಮನೆ. ಹೊರಟೇ ಹೊರಟಳು. ಜೊತೆಗೆ ಈ ಸಲ ನಿರ್ಜಲ ಉಪವಾಸ ಎಂದು ಹಟ ಹಿಡಿದಳು. ನೀರೂ ಇಲ್ಲ.

"ಹಾಲಾದ್ರೂ ಕುಡಿಯೇ ಮಾರಾಯ್ತಿ. ದೇವರು ಬೇಡ ಅಂತಾನಾ?" ಎಂದೆ.

"ಬಿಸಿ ಮುದ್ರೆಗೆ ಕೈ ಕೊಡುವವಳು ಹೊಟ್ಟೆ ತುಂಬಿಸ್ಕೊಂಡು ನಿಲ್ಬೇಕಾ? ನಿಮಗೆ ಬಿಡಿ, ಊರಲ್ಲಿ ಯಾರು ಉಪವಾಸ ಮಾಡಿದ್ರೂ ವ್ಯಾಪಾರ ಹೋಯ್ತು ಅಂತ ಹೊಟ್ಟೆನೋವು."

"ಮತ್ತೆ ಸೂಜಿ?"

"ಎಲೆಯೇ ಇಲ್ಲ, ಸೂಜಿ ಎಂತಕ್ಕೆ? ಅವತ್ತು ಬಿದ್ದದ್ದು ಮರೆತುಹೋಯ್ತಾ? ಸ್ವಾಮಿಗಳ ಕಾಲ ಬುಡದಲ್ಲಿ ಬೀಳ್ಬೇಕಾ ನಾನು?"

ಮಾತು ಸರಿಯಾಗಿಯೇ ಇತ್ತು. ನನಗೂ ಹಾಗೆಯೇ ಅನ್ನಿಸಿತು. ಅಂಗಡಿ ಮುಚ್ಚಿದ ದಿನ ಒಲೆ ಯಾರು ಹಚ್ಚುತ್ತಾರೆ? ದಶಮಿಯ ದಿನ ಒಪ್ಪತ್ತು ಊಟ. ಮಧ್ಯಾಹ್ನದ ಊಟಕ್ಕೆ ಸೂಜಿ ಹಾಕಿಕೊಂಡಳು, ಅಲ್ಲಿಗೆ ನಿಲ್ಲಿಸಿದಳು. ರಾತ್ರಿ ಊಟವಿಲ್ಲವಲ್ಲ, ಹಾಗಾಗಿ ಮಲಗುವಾಗಿನದ್ದೂ ಇಲ್ಲ. ಮರುದಿನ ಬೆಳಗಿನ ರೈಲಿಗೆ ನಾವಿಬ್ಬರೂ ಹೊರಟಾಗ ಎರಡು ಪೆನ್ನುಗಳೂ ಹೋಟೆಲಿನ ಫ್ರಿಜ್ಜಿನಲ್ಲೇ ಉಳಿದವು. ಮರೆತು ಬಿಟ್ಟದ್ದಲ್ಲ. ಬೇಕಿಲ್ಲ ಎಂದು ಬಿಟ್ಟದ್ದು.

ಸೂರತ್ತಿನಲ್ಲಿ ಅಕ್ಕನ ಮನೆ ಅಡಾಜಣ್‌ನಲ್ಲಿ, ಒಂದು ಅಪಾರ್ಟ್‌ಮೆಂಟಿನ ಮೇಲಿನ ಮಹಡಿ. ಅಕ್ಕನ ಗಂಡ, ನನ್ನ ಷಡ್ಡಕ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ನಾನು ಅವರನ್ನು ಭಾವ ಎನ್ನುತ್ತೇನೆ. ಅವರಿಗೂ ಸಕ್ಕರೆ ಇದೆ, ಮಾತ್ರೆಯದ್ದು. ನಮ್ಮಿಬ್ಬರ ನಡುವೆ ಯಾವಾಗಲೂ ಒಂದು ಸಣ್ಣ ಕುಸ್ತಿ. ಅವರು ಪೇಪರು ಓದಿ ನನಗೆ ಪಾಠ ಹೇಳುತ್ತಾರೆ, ನಾನು ಅವರು ಕುಡಿಯುವ ಕಾಫಿಯನ್ನು ಆಡಿಕೊಳ್ಳುತ್ತೇನೆ.

ಮುದ್ರೆ ನಡೆದದ್ದು ಮನೆಗೆ ಹತ್ತಿರದ ಒಂದು ಸಭಾಭವನದಲ್ಲಿ. ಹೋಟೆಲಿನವರು, ಬ್ಯಾಂಕಿನವರು, ರೈಲ್ವೆಯವರು ಎಲ್ಲ ಸೇರಿ ಉದ್ದನೆಯ ಸಾಲು. ಮಳೆ ಬಂದು ಬಿಟ್ಟ ಸೆಕೆ, ಅದರ ಮೇಲೆ ಹೋಮದ ಹೊಗೆ. ಎರಡು ತೋಳಿಗೂ ಮುದ್ರೆ ಒತ್ತುವಾಗ ನನ್ನ ಹೆಂಡತಿ ಕಣ್ಣು ಕೂಡ ಪಿಳುಕಿಸಲಿಲ್ಲ. ಹೊರಗೆ ಬಂದವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ ಎಂದು ಅವಳಿಗೇ ಹೇಳಿದೆ.

"ಮದುವೆ ದಿನ ಎದುರಿಗೆ ನಿಂತದ್ದು ಯಾರು ಅಂತ ನೋಡಿದ್ದೆನಲ್ಲ" ಎಂದಳು.

ಸಂಜೆಯ ಹೊತ್ತಿಗೆ ಅವಳ ತುಟಿ ಒಣಗಿ ಬಿರುಕು ಬಿಟ್ಟಿತ್ತು. ನಿರ್ಜಲ ಉಪವಾಸ, ಒಣಗದೆ ಇರುತ್ತದೆಯೇ? ಆದರೆ ಮತ್ತೆ ಮತ್ತೆ ಬಚ್ಚಲಿಗೆ ಹೋಗಿಬರುತ್ತಿದ್ದಳು. ಅಕ್ಕ ತಮಾಷೆ ಮಾಡಿದರು.

"ಒಂದು ತೊಟ್ಟು ನೀರು ಕುಡೀದವಳಿಗೆ ಇಷ್ಟು ಸಲ ಎಲ್ಲಿಂದ ಬರ್ತದೆಯೇ? ನಮ್ಮ ಮೇಲಿನ ಟ್ಯಾಂಕಿಗೂ ನಿಂಗೂ ಪೈಪು ಹಾಕಿದ್ದಾರಾ ಹೇಗೆ?"

ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಉಪವಾಸ ಕೂತವರು ಮೂವರಿದ್ದೆವು. ನಾನೂ ಅಕ್ಕನೂ ದಿನವಿಡೀ ಒಂದೆರಡು ಸಲ ಎದ್ದಿದ್ದರೆ ಹೆಚ್ಚು. ಕುಡಿಯದ ನೀರು ಅವಳ ಮೈಯಿಂದ ಹೊರಟುಹೋಗುತ್ತಿತ್ತು. ಅದು ನಗುವ ವಿಷಯವಲ್ಲ ಎಂದು ಅಲ್ಲಿ ಕೂತವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ದ್ವಾದಶಿ. ಬೆಳಿಗ್ಗೆ ಬೇಗ ಪಾರಣೆ, ಎಂದರೆ ಉಪವಾಸ ಬಿಡುವ ಊಟ. ಅಕ್ಕ ಎದ್ದು ಅನ್ನ, ಹೆಸರುಬೇಳೆ ತೊವ್ವೆ, ಮಾವಿನಹಣ್ಣಿನ ರಸಾಯನ ಮಾಡಿಟ್ಟಿದ್ದರು. ಎಲೆ ಹಾಕಿದರು. ನನ್ನ ಹೆಂಡತಿ ಸ್ನಾನ ಮಾಡಿ ಬಂದು ಕೂತಳು. ತೀರ್ಥ ಬಾಯಿಗೆ ಹಾಕಿಕೊಂಡಳು, ತಕ್ಷಣ ಎದ್ದು ಓಡಿದಳು. ವಾಂತಿ. ಹೊಟ್ಟೆಯಲ್ಲಿ ಏನೂ ಇಲ್ಲ, ಬರೀ ಹಳದಿ ನೀರು.

"ಪಿತ್ತ. ಖಾಲಿ ಹೊಟ್ಟೆಗೆ ಏರಿದ್ದು" ಎಂದರು ಅಕ್ಕ.

"ಪಿತ್ತವೇ" ಎಂದೆ ನಾನೂ. ಉಪವಾಸದ ಮರುದಿನ ವಾಂತಿಯಾಗುವುದು ನಮ್ಮವರಲ್ಲಿ ಹೊಸತಲ್ಲ. ಜೀರಿಗೆ, ಶುಂಠಿ ಜಜ್ಜಿ ಕಷಾಯ ಮಾಡಿದೆ. ನನ್ನ ಕಷಾಯಕ್ಕೆ ನಿಲ್ಲದ ಹೊಟ್ಟೆ ವಡೋದರಾದಲ್ಲಿ ಇಲ್ಲ. ಕುಡಿದಳು, ಅದೂ ಹೊರಗೆ ಬಂತು. ಆಮೇಲೆ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಮುದುಡಿದಳು. ಕರೆದರೆ ಹೂಂ ಎನ್ನುತ್ತಾಳೆ, ಕಣ್ಣು ಬಿಡುವುದಿಲ್ಲ.

ಆಗ ಭಾವ ಎದ್ದು ಬಂದು ನೋಡಿದರು. "ಇದು ಪಿತ್ತ ಅಲ್ಲ ಮಾರಾಯ್ರೆ. ಲೋ ಶುಗರ್. ನಿನ್ನೆಯಿಡೀ ತಿಂದಿಲ್ಲ, ಇಳಿದುಬಿಟ್ಟಿದೆ. ನಂಗೂ ಒಂದು ಸಲ ಹೀಗೇ ಆಗಿತ್ತು. ಮೊದಲು ಸಕ್ಕರೆ ಕೊಡಿ, ಆಮೇಲೆ ಶುಗರ್ ನೋಡೋ ಮೆಷಿನ್ ತರ್ತೇನೆ."

ನಮಗೆಲ್ಲ ಜೀವ ಬಂದ ಹಾಗಾಯಿತು. ಕಾಯಿಲೆಗೊಂದು ಹೆಸರು ಸಿಕ್ಕಿತಲ್ಲ. ಅವತ್ತು ಗ್ರೈಂಡರಿನ ಪಕ್ಕ ಆದದ್ದೇ ಇದು ಎಂದುಕೊಂಡೆ. ಅಕ್ಕ ಸಕ್ಕರೆ ನೀರು ತಂದರು, ಚಮಚದಲ್ಲಿ ಹಾಕಿದೆ. ಎದ್ದು ಕೂರುತ್ತಾಳೆ ಎಂದು ಮುಖವನ್ನೇ ನೋಡುತ್ತಾ ನಿಂತೆ. ಏಳಲಿಲ್ಲ. ಅವತ್ತಿನ ಹಾಗೆ ಬೆವರೂ ಇರಲಿಲ್ಲ. ಚರ್ಮ ಹಪ್ಪಳದ ಹಾಗೆ ಒಣಗಿತ್ತು. ಉಸಿರು ಮಾತ್ರ ಮೆಟ್ಟಿಲು ಹತ್ತಿ ಓಡಿ ಬಂದವರ ಹಾಗೆ, ಆಳದಿಂದ, ಎದೆ ಎತ್ತಿ ಎತ್ತಿ ಬರುತ್ತಿತ್ತು. ಮಲಗಿದ್ದಾಳೆ, ಓಡುವವಳ ಉಸಿರು ಬಿಡುತ್ತಿದ್ದಾಳೆ.

ಭಾವ ಮೆಷಿನ್ ತಂದು ಅವಳ ಬೆರಳು ಚುಚ್ಚಿ ರಕ್ತ ಹಾಕಿದರು. ಅಂಕಿ ಬರಲಿಲ್ಲ. ಅಂಕಿ ಬರುವ ಜಾಗದಲ್ಲಿ ಇಂಗ್ಲಿಷಿನ ಎರಡು ಅಕ್ಷರ ಬಂದವು.

"ಕೆಟ್ಟಿದೆ ಇದು" ಎಂದರು ಭಾವ. "ಸೆಲ್ಲು ಹೋಗಿರ್ಬೇಕು." ಇನ್ನೊಂದು ಪಟ್ಟಿ ಹಾಕಿದರು. ಮತ್ತೆ ಅದೇ ಅಕ್ಷರ.

"ನಿಮ್ಮ ಬೆರಳಿಗೆ ಹಾಕಿ ನೋಡಿ ಒಮ್ಮೆ" ಎಂದರು ಅಕ್ಕ.

ಭಾವ ತಮ್ಮ ಬೆರಳು ಚುಚ್ಚಿಕೊಂಡರು. ನಾವು ಮೂವರೂ ಆ ಸಣ್ಣ ಪರದೆಯ ಮೇಲೆ ಬಗ್ಗಿದೆವು. ಅಂಕಿ ಬಂತು. ದಿನಾ ಬೆಳಿಗ್ಗೆ ಬರುವಂಥದ್ದೇ ಅಂಕಿ, ಹೆಚ್ಚಿಲ್ಲ ಕಡಿಮೆಯಿಲ್ಲ. ಮೆಷಿನ್ ಸರಿಯಾಗಿತ್ತು.

ಭಾವ ಮೆಷಿನ್ನಿನ ಜೊತೆ ಬಂದ ಸಣ್ಣ ಪುಸ್ತಕ ಹುಡುಕಿ ತಂದು, ಕನ್ನಡಕ ಏರಿಸಿಕೊಂಡು ಓದಿದರು. "ಇದಕ್ಕೆ ಅಳೆಯೋಕೆ ಆಗದಷ್ಟು ಮೇಲೆ ಹೋದ್ರೆ ಈ ಅಕ್ಷರ ಬರ್ತದಂತೆ."

"ಯಾವುದು ಮೇಲೆ?"

"ಸಕ್ಕರೆ."

"ಭಾವ, ಅವಳು ನಿನ್ನೆಯಿಂದ ಒಂದು ಕಾಳು ಮುಟ್ಟಿಲ್ಲ. ಎಂತ ಮಾತಾಡ್ತೀರಿ ನೀವು?"

"ನಾನು ಮಾತಾಡೋದಲ್ಲ, ಇದರಲ್ಲಿ ಬರೆದಿದೆ ಮಾರಾಯ್ರೆ!"

ಹಾಕದೆ ಪಾತ್ರೆ ತುಂಬುವುದುಂಟೇ? ಇಡೀ ಜೀವಮಾನ ಅಡುಗೆಮನೆಯಲ್ಲಿ ಕಳೆದವನು ನಾನು. ಅಕ್ಕಿ ಹಾಕಿದರೆ ಅನ್ನ, ಬೇಳೆ ಹಾಕಿದರೆ ಸಾಂಬಾರು. ಏನೂ ಹಾಕದ ಹೊಟ್ಟೆಯಲ್ಲಿ ಯಂತ್ರಕ್ಕೂ ಅಳೆಯಲಾಗದಷ್ಟು ಸಕ್ಕರೆ ಎಲ್ಲಿಂದ ಬಂತು? ಈಗ ತಾನೇ ಕೊಟ್ಟ ಎರಡು ಚಮಚದಿಂದ ಇಷ್ಟಾಗುವುದಿಲ್ಲ ಎಂದು ಭಾವ ಹೇಳಿದರು.

ಅವಳನ್ನು ಎತ್ತಲೆಂದು ಬಗ್ಗಿದೆ. ಮುಖಕ್ಕೆ ಮುಖ ಹತ್ತಿರ ಬಂದಾಗ ಮೂಗಿಗೆ ಹಣ್ಣಿನ ವಾಸನೆ ಬಡಿಯಿತು.

"ಅಕ್ಕ, ಇವಳಿಗೆ ರಸಾಯನ ಕೊಟ್ರಾ?"

"ಇಲ್ಲಪ್ಪ. ಪಾತ್ರೆ ಮುಚ್ಚಿದ್ದು ಮುಚ್ಚಿದ ಹಾಗೇ ಉಂಟು ನೋಡಿ."

ಪಾತ್ರೆ ಮುಚ್ಚಿಯೇ ಇತ್ತು. ಇದು ಮಾವಿನ ವಾಸನೆಯೂ ಅಲ್ಲ. ಅನಾನಸು, ಸೇಬು ಎಲ್ಲ ಬುಟ್ಟಿಯಲ್ಲೇ ಉಳಿದು ಹದ ಮೀರಿ ಕಳಿತರೆ ಬರುವ ಸಿಹಿ ವಾಸನೆ. ಅದರ ಹಿಂದೆ ಹೆಂಗಸರು ಉಗುರಿನ ಬಣ್ಣ ಒರೆಸುವ ನೀರಿನ ಖಾರ. ಅವಳು ಉಸಿರು ಬಿಟ್ಟಾಗಲೆಲ್ಲ ಬರುತ್ತಿತ್ತು. ಏನೂ ತಿನ್ನದವಳ ಒಳಗಿನಿಂದ ಹಣ್ಣಿನ ವಾಸನೆ. ಅದು ಏನೆಂದು ನನಗೆ ತಿಳಿಯಲಿಲ್ಲ.

ಇನ್ನು ಕಷಾಯದ ಮಾತು ಯಾರೂ ಎತ್ತಲಿಲ್ಲ. ಕೆಳಗಿನ ಮನೆಯ ಗುಜರಾತಿ ದಂಪತಿ ಬಂದು ಎತ್ತಲು ಕೈ ಜೋಡಿಸಿದರು. ಭಾವನ ಕಾರಿನ ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ. ದಾರಿಯಲ್ಲಿ ಹಾಲಿನ ಅಂಗಡಿ, ಕಡಲೆಹಿಟ್ಟಿನ ಫಾಫ್ಡಾ ತಿನ್ನಲು ಸೇರಿದ ಜನ, ಶಾಲೆಯ ವ್ಯಾನು ಎಲ್ಲ ಎಂದಿನ ಹಾಗೇ ಇದ್ದವು. ಕಾರಿನ ಒಳಗೆ ಅವಳ ಉಸಿರಿನ ಸದ್ದೊಂದೇ. ಭಾವ ಒಂದು ಕೈಯಲ್ಲಿ ಹಾರ್ನ್ ಒತ್ತಿಯೇ ಹಿಡಿದಿದ್ದರು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಂತದ್ದು ಒಬ್ಬ ಡಾಕ್ಟರಮ್ಮ, ನನ್ನ ಮಗಳ ವಯಸ್ಸಿನವಳು. ಉಪವಾಸ, ಪಿತ್ತ, ವಾಂತಿ ಎಂದು ನಾನು ಹಿಂದಿಯಲ್ಲಿ ಶುರುಮಾಡಿದೆ. ಅವಳು ಕೇಳಿಸಿಕೊಳ್ಳುತ್ತಲೇ ನನ್ನ ಹೆಂಡತಿಯ ಬಾಯಿಯ ಹತ್ತಿರ ಬಗ್ಗಿದಳು. ಒಂದು ಸಲ ಉಸಿರೆಳೆದುಕೊಂಡಳು. ಥಟ್ಟನೆ ತಲೆ ಎತ್ತಿದಳು.

"ಕಾಕಾ, ಛೆಲ್ಲೇ ಇನ್ಸುಲಿನ್ ಕ್ಯಾರೇ ಆಪ್ಯುಂ?" ಕೊನೆಯ ಇನ್ಸುಲಿನ್ ಯಾವಾಗ ಕೊಟ್ಟದ್ದು ಎಂದು ಗುಜರಾತಿಯಲ್ಲಿ ಕೇಳಿದಳು.

"ಮೊನ್ನೆ ಮಧ್ಯಾಹ್ನ. ಆಮೇಲೆ ಊಟ ಮಾಡಿಲ್ಲ ಅವಳು. ಉಪವಾಸ ಇತ್ತು."

"ಊಟದ ಇನ್ಸುಲಿನ್ ಬಿಡಿ. ರಾತ್ರಿಯದ್ದು?"

"ಊಟವೇ ಇಲ್ಲವಲ್ಲ ಡಾಕ್ಟರೇ. ಅದನ್ನೂ ಕೊಡಲಿಲ್ಲ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಂದಕ್ಕೆ ತಿರುಗಿ ನರ್ಸುಗಳಿಗೆ ಬೇಗಬೇಗ ಏನೋ ಹೇಳಿದಳು. ಅಲ್ಲಿದ್ದವರೆಲ್ಲ ಒಟ್ಟಿಗೆ ಓಡಾಡತೊಡಗಿದರು. ಎರಡು ಕೈಗೂ ಸೂಜಿ ಚುಚ್ಚಿ ಸಲೈನ್ ಬಿಟ್ಟರು. ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದರು. ಮೂತ್ರ ಪರೀಕ್ಷೆಗೆ ಕಳಿಸಿದರು. ಎದೆಗೆ ವಯರುಗಳು ಬಂದವು. ಹಿಂದಿನ ದಿನದ ಮುದ್ರೆಯ ಗುರುತು ಇನ್ನೂ ಕೆಂಪಗಿತ್ತು. ಒಬ್ಬ ನರ್ಸು ಅದನ್ನು ಸುಟ್ಟ ಗಾಯ ಎಂದು ತಿಳಿದು ಹೌಹಾರಿದಳು. ಅಕ್ಕ ಅಳುತ್ತಲೇ ವಿವರಿಸಿದರು.

ಡಾಕ್ಟರಮ್ಮ ನನ್ನನ್ನು ಬದಿಗೆ ಕರೆದಳು. ಹಿಂದಿಯಲ್ಲಿ ನಿಧಾನಕ್ಕೆ, ನನಗೆ ಅರ್ಥವಾಗುವ ಹಾಗೆ ಹೇಳಿದಳು. "ಕಾಕಾ, ನಾವು ತಿನ್ನದಿದ್ದರೂ ಲಿವರ್ ಸಕ್ಕರೆ ಮಾಡಿ ರಕ್ತಕ್ಕೆ ಬಿಡ್ತಾನೇ ಇರುತ್ತದೆ. ಇನ್ಸುಲಿನ್ ಇದ್ದರೆ ಅದಕ್ಕೆ ಹಿಡಿತ ಇರುತ್ತದೆ. ಇಲ್ಲದಿದ್ದರೆ ಮಿತಿಮೀರಿ ಬಿಡುತ್ತದೆ. ರಕ್ತದಲ್ಲಿ ರಾಶಿ ಸಕ್ಕರೆ ಇದ್ದರೂ ಮೈಗೆ ಅದನ್ನು ಉಪಯೋಗಿಸೋಕೆ ಬರೋದಿಲ್ಲ. ಹಸಿವಿಗೆ ಕೊಬ್ಬನ್ನು ಸುಡುತ್ತದೆ. ಆ ಸುಟ್ಟದ್ದರಿಂದ ಆಮ್ಲ ಹುಟ್ಟುತ್ತದೆ. ಈಗ ಇವರ ರಕ್ತವೇ ಹುಳಿಯಾಗಿದೆ. ಆ ವಾಸನೆ ಅದರದ್ದು. ಹುಳಿಯನ್ನು ಹೊರಗೆ ಹಾಕೋಕೆ ಅಂತಲೇ ಹೀಗೆ ಉಸಿರಾಡ್ತಿದ್ದಾರೆ."

"ಬದುಕ್ತಾಳಾ?"

"ಸೀರಿಯಸ್ ಇದೆ. ಇನ್ನೂ ತಡ ಮಾಡಿದ್ದರೆ ನಾನು ಹೀಗೆ ನಿಂತು ಮಾತಾಡ್ತಿರಲಿಲ್ಲ. ನಮಗೆ ಕೆಲಸ ಮಾಡೋಕೆ ಬಿಡಿ."

ಬದುಕುತ್ತಾಳೆ ಎಂದು ಅವಳು ಹೇಳಲಿಲ್ಲ. ನಾನು ಗೋಡೆ ಹಿಡಿದು ನಿಂತೆ. ನಿನ್ನೆ ಸಂಜೆ ನಕ್ಕವಳು. ಮದುವೆಯ ದಿನದ ಮಾತಿಗೆ ತಿರುಗಿ ಹೊಡೆದವಳು.

ನನಗೆ ಒಂದೇ ಯೋಚನೆ. ಇನ್ಸುಲಿನ್ ಬಿಟ್ಟದ್ದರಿಂದ ಹೀಗಾಗಿದ್ದರೆ ಕೊಟ್ಟುಬಿಡಲಿ, ಬಿಟ್ಟದ್ದನ್ನೆಲ್ಲ ಸೇರಿಸಿ ಕೊಡಲಿ. ಬಾಗಿಲಲ್ಲಿ ನಿಂತು ನೋಡಿದರೆ ಬರೀ ನೀರು ಏರಿಸುತ್ತಿದ್ದಾರೆ. ಒಳಗೆ ನುಗ್ಗಿದೆ.

"ನೀರು ಎಂತ ಹಾಕ್ತಾ ಕೂತಿದ್ದೀರಿ? ಇನ್ಸುಲಿನ್ ಕೊಡಿ ಮೊದಲು!"

ಡಾಕ್ಟರಮ್ಮ ಕೈ ಅಡ್ಡ ಹಿಡಿದಳು. "ಮೈಯಲ್ಲಿ ನೀರೇ ಉಳಿದಿಲ್ಲ, ಮೊದಲು ಅದು. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಅಂತ ರಿಪೋರ್ಟ್ ಬರಬೇಕು. ಅದು ಕಡಿಮೆ ಇರುವಾಗ ಇನ್ಸುಲಿನ್ ಕೊಟ್ಟರೆ ಇನ್ನೂ ಇಳಿದು ಹೃದಯ ನಿಲ್ಲಬಹುದು. ಕೊಡ್ತೇವೆ. ಒಂದೇ ಸಲಕ್ಕೆ ಸುರಿಯೋದಿಲ್ಲ, ಮೆಷಿನ್ನಿನಲ್ಲಿ ಹನಿಹನಿಯಾಗಿ ಕೊಡ್ತೇವೆ. ಸಕ್ಕರೆ ಧಡಾರನೆ ಇಳಿದರೆ ಮೆದುಳಿಗೆ ಪೆಟ್ಟು."

ಕೊಡದಿದ್ದರೂ ಸಾವು, ಅವಸರದಲ್ಲಿ ಕೊಟ್ಟರೂ ಸಾವು. ಕೈಕಟ್ಟಿ ನಿಲ್ಲುವುದು ನನಗೆ ಅಭ್ಯಾಸವಿಲ್ಲ. ಏನು ಕೆಟ್ಟರೂ ನಾನೇ ಕೈ ಹಾಕಿ ಸರಿಮಾಡಿದವನು. ಅವತ್ತು ನನ್ನ ಎರಡು ಕೈಗಳಿಂದ ಮೂರು ಕಾಸಿನ ಪ್ರಯೋಜನ ಇರಲಿಲ್ಲ. ರಿಪೋರ್ಟ್ ಬಂತು. ಸಣ್ಣದೊಂದು ಯಂತ್ರ ಇಟ್ಟು ಇನ್ಸುಲಿನ್ ಶುರುಮಾಡಿದರು, ಸಲೈನಿಗೆ ಪೊಟ್ಯಾಸಿಯಂ ಸೇರಿಸಿದರು. ಗಂಟೆಗಂಟೆಗೂ ಬೆರಳು ಚುಚ್ಚಿ ನೋಡುತ್ತಿದ್ದರು. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋನು ಮಾಡಿದೆ. ಅವಳ ಕನ್ನಡ ಅರ್ಧಂಬರ್ಧ.

"ಪಪ್ಪಾ, ಮಮ್ಮಿ ಠೀಕ್ ಛೇ ನೇ? ಸಚ್ಚೀ ಹೇಳಿ. ನನ್ನ ಹತ್ರ ಹೈಡ್ ಮಾಡ್ಬೇಡಿ."

"ಬಾ" ಎಂದಷ್ಟೇ ಹೇಳಿದೆ.

ಮಧ್ಯಾಹ್ನ ಕಳೆದು ಇನ್ನೊಂದು ಆಘಾತವಾಯಿತು. ಸಕ್ಕರೆ ಇಳಿಯುತ್ತಿದೆ ಎಂದು ನರ್ಸು ಹೇಳಿದ್ದಳು. ಸಮಾಧಾನದಿಂದ ಕೂತಿದ್ದೆ. ಅಷ್ಟರಲ್ಲಿ ಅವಳು ಹೊಸ ಬಾಟಲಿ ತಂದು ತೂಗುಹಾಕಿದಳು. ಭಾವ ಅದರ ಮೇಲಿನ ಬರಹ ಓದಿ ನನ್ನ ತೋಳು ಹಿಡಿದರು.

"ಮಾರಾಯ್ರೆ, ಅದು ಗ್ಲೂಕೋಸ್!"

"ಸಕ್ಕರೆ ನೀರಾ?"

"ಸಕ್ಕರೆ ನೀರೇ!"

ನಾವಿಬ್ಬರೂ ಒಟ್ಟಿಗೆ ಬೊಬ್ಬೆ ಹಾಕಿದೆವು. ಬೆಳಿಗ್ಗೆ ನಾವು ತಿಳಿಯದೆ ಕೊಟ್ಟದ್ದನ್ನೇ ಇವರು ತಿಳಿದೂ ಕೊಡುತ್ತಿದ್ದಾರೆ! ಬಾಟಲಿ ಅದಲುಬದಲಾಯಿತೆಂದೇ ನಾನು ನಂಬಿದ್ದೆ. ಡಾಕ್ಟರಮ್ಮ ಬಂದಳು, ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋದಳು. ಈಗ ಅವಳಿಗೂ ಸ್ವಲ್ಪ ನಗು ಬಂದಿತ್ತು.

"ಸಕ್ಕರೆ ಇಳಿಯಿತು, ಆಮ್ಲ ಇನ್ನೂ ಹೋಗಿಲ್ಲ ಕಾಕಾ. ಆಮ್ಲ ಹೋಗುವವರೆಗೆ ಇನ್ಸುಲಿನ್ ನಿಲ್ಲಿಸೋ ಹಾಗಿಲ್ಲ. ಬರೀ ಇನ್ಸುಲಿನ್ ಕೊಡ್ತಾ ಹೋದ್ರೆ ಸಕ್ಕರೆ ತೀರಾ ಕೆಳಗೆ ಹೋಗುತ್ತದೆ. ಅದಕ್ಕೇ ಜೊತೆಗೆ ಗ್ಲೂಕೋಸ್. ಸಕ್ಕರೆ ಇಳಿದ ಕೂಡಲೇ ಗೆದ್ದೆವು ಅಂತಲ್ಲ."

ಆಮೇಲೆ ಅವಳು ಹೇಳಿದ್ದನ್ನು ನಾನು ಇಲ್ಲಿ ಹಾಗೆಯೇ ಬರೆಯುತ್ತೇನೆ. ಈ ಕಾಯಿಲೆಯವರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ, ಏಕಾದಶಿ ಎಲ್ಲರ ಮನೆಗೂ ಬರುತ್ತದೆ. ಇಂಥವರು ತಿನ್ನಲಿ ಬಿಡಲಿ, ಮಲಗುವಾಗಿನ ಇನ್ಸುಲಿನ್ನನ್ನು ತಾವಾಗಿ ನಿಲ್ಲಿಸಬಾರದು. ಜ್ವರ, ವಾಂತಿ, ಊಟ ಸೇರದ ದಿನಗಳಲ್ಲಂತೂ ನಿಲ್ಲಿಸಲೇಬಾರದು, ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಿರಬೇಕು. ಎಷ್ಟು ಕಡಿಮೆ ಮಾಡಬೇಕು, ಉಪವಾಸ ಮಾಡಬಹುದೇ ಬೇಡವೇ ಎಂದು ಡಾಕ್ಟರನ್ನು ಮೊದಲೇ ಕೇಳಬೇಕು. ಬಾಯಾರಿಕೆ, ಪದೇ ಪದೇ ಮೂತ್ರ, ಹೊಟ್ಟೆನೋವು, ವಾಂತಿ, ಆಳವಾದ ಉಸಿರು, ಬಾಯಲ್ಲಿ ಹಣ್ಣಿನ ವಾಸನೆ, ಮಂಪರು, ಇವು ಕಂಡರೆ ಮನೆಯಲ್ಲಿ ಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ವಾಸನೆ ಎಲ್ಲರ ಮೂಗಿಗೂ ಸಿಗುವುದಿಲ್ಲವಂತೆ. ಅದಕ್ಕಾಗಿ ಕಾಯಬಾರದು.

"ಉಪವಾಸಕ್ಕೆ ಇನ್ಸುಲಿನ್ ಅಡ್ಡಿಯಾಗುತ್ತದಾ?" ಎಂದು ಕೇಳಿದಳು ಅವಳು.

ಅದು ಅನ್ನವಲ್ಲ, ಹಣ್ಣಲ್ಲ, ಹಾಲಲ್ಲ. ಅಡ್ಡಿಯಾಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ. ಸಾಲಿನಲ್ಲಿ ನಿಂತಾಗ ಸ್ವಾಮಿಗಳನ್ನು ಕೇಳಿದ್ದರೂ ಅವರು ಬೇಡವೆನ್ನುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಸಂಜೆಗೆ ಮಗಳು ಬಂದಳು. ನನ್ನ ಹೆಂಡತಿಯನ್ನು ಐಸಿಯುವಿಗೆ ಸಾಗಿಸಿ ನಮ್ಮನ್ನು ಹೊರಗೆ ಕೂರಿಸಿದರು. ಬಾಗಿಲು ತೆರೆದಾಗಲೆಲ್ಲ ಆ ಉಸಿರು ಕೇಳಿಸುತ್ತಿತ್ತು. ನಾನು ಅದನ್ನೇ ಆಲಿಸುತ್ತಾ ಕೂತೆ. ಕೇಳಿಸುವವರೆಗೆ ಅವಳಿದ್ದಾಳೆ.

ಬೆಳಗಾದ ಮೇಲೆ ಒಬ್ಬರು ಒಳಗೆ ಬರಬಹುದು ಎಂದರು. ಮಗಳು ನನ್ನನ್ನೇ ಕಳಿಸಿದಳು. ಹೋಗಿ ಮಂಚದ ಪಕ್ಕ ನಿಂತೆ. ಕಣ್ಣು ಮುಚ್ಚಿ ಮಲಗಿದ್ದಳು. ಎರಡೂ ಕೈಗೆ ನಳಿಕೆ.

ಸದ್ದಿರಲಿಲ್ಲ.

ನಿನ್ನೆಯಿಡೀ ಆ ಕೋಣೆಯನ್ನು ತುಂಬಿದ್ದ ಉಸಿರು ಇರಲಿಲ್ಲ. ಕಿವಿಗೊಟ್ಟೆ. ಏನೂ ಇಲ್ಲ.

"ಸಿಸ್ಟರ್! ಸಿಸ್ಟರ್! ಉಸಿರಿಲ್ಲ, ಉಸಿರು ನಿಂತಿದೆ!" ಕನ್ನಡದಲ್ಲೇ ಕೂಗಿದೆ. ಇಪ್ಪತ್ತು ಟೇಬಲಿನ ಆಚೆಗೂ ಕೇಳಿಸುವ ಗಂಟಲು ನನ್ನದು.

ನರ್ಸು ಓಡಿ ಬಂದಳು. ಯಂತ್ರದ ಪರದೆ ನೋಡಿದಳು, ನನ್ನ ಹೆಂಡತಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಶುಂ ಥಯುಂ, ಏನಾಯಿತು ಕಾಕಾ? ಉಸಿರು ಇದೆಯಲ್ಲ. ಎಲ್ಲರ ಹಾಗೆ ಇದೆ. ಆಮ್ಲ ಹೋಯಿತು, ಅದಕ್ಕೆ ಸದ್ದಿಲ್ಲ."

ನೋಡಿದೆ. ಹೊದಿಕೆ ಮೆಲ್ಲಗೆ ಏರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು.

ನನ್ನ ಹೆಂಡತಿ ಕಣ್ಣು ಬಿಟ್ಟಳು. "ಇದು ನಿಮ್ಮ ಹೋಟೆಲಲ್ಲ. ಬೊಬ್ಬೆ ಹಾಕ್ಬೇಡಿ."

ನಾನು ಅವಳ ಮುಖದ ಹತ್ತಿರ ಬಗ್ಗಿದೆ. ಹಣ್ಣಿನ ವಾಸನೆ ಇರಲಿಲ್ಲ.

"ಎಂತ ಮೂಸ್ತೀರಿ? ಎಲ್ಲರೂ ನೋಡ್ತಿದ್ದಾರೆ." ಆಮೇಲೆ ಕೇಳಿದಳು, "ನಿನ್ನೆ ದ್ವಾದಶಿ ಅಲ್ವಾ? ನನ್ನ ಪಾರಣೆ ತಪ್ಪಿಹೋಯ್ತಾ?"

"ಎರಡು ಕೈಗೂ ಪಾರಣೆ ಮಾಡಿಸಿದ್ದಾರೆ ಮಾರಾಯ್ತಿ. ತಪ್ಪಿಲ್ಲ."

ನರ್ಸು ಪೆನ್ನು ತಂದು ಅವಳ ಹೊಟ್ಟೆಗೆ ಇನ್ಸುಲಿನ್ ಚುಚ್ಚಿದಳು. ತುಂಬಾ ಹೊತ್ತಿನ ಮೇಲೆ ಮಂಚದ ಪಕ್ಕದ ಇನ್ಸುಲಿನ್ ಯಂತ್ರ ನಿಲ್ಲಿಸಿದರು. ಆಮೇಲೆ ಉಪ್ಪಿಟ್ಟು ಬಂತು. ಅವಳು ಒಂದು ಚಮಚ ಬಾಯಿಗಿಟ್ಟು ಮುಖ ಸಿಂಡರಿಸಿ, ಉಪ್ಪೇ ಹಾಕಿಲ್ಲ ಎಂದಳು. ಮತ್ತೊಂದು ಚಮಚ ತಿಂದಳು. ಹೊರಗೆ ಮಗಳಿದ್ದಾಳೆ, ಹೇಳಿಬರ್ತೇನೆ ಎಂದು ನಾನು ಕುರ್ಚಿಯಿಂದ ಎದ್ದೆ. ಎದ್ದೆ ಎಂದುಕೊಂಡೆ, ಅಷ್ಟೇ. ಕಾಲು ಬರಲಿಲ್ಲ. ಮಂಚದ ಕಂಬಿ ಹಿಡಿದುಕೊಂಡೆ. ಅದನ್ನು ಅವಳು ನೋಡಬಾರದೆಂದು ಮತ್ತೆ ಕೂತೆ.

"ಕೂತ್ಕೊಳ್ಳಿ ಸ್ವಲ್ಪ" ಎಂದಳು ಅವಳು, ನೋಡಿಯೇ ಇದ್ದವಳು. "ಅವಳಿಗೆ ಆಮೇಲೆ ಹೇಳಿದ್ರಾಯ್ತು."